ಎಲ್ಲರಿಗೂ ಪೇಟೆ, ನಮಗೆ ಮಾತ್ರ ಪಾಳ್ಯ

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ,

ಬೆಂಗಳೂರಿನಲ್ಲಿ ಈಗ ಒಂದು ಹೊಸ ಯಾತ್ರೆ ನಡೀತಿದೆ. ಕಾಶಿ ರಾಮೇಶ್ವರದ ಯಾತ್ರೆ ಅಲ್ಲ. ಭಾನುವಾರ ಬೆಳಗಾದರೆ ಬಿಳೀ ಬೂಟು ಹಾಕ್ಕೊಂಡು, ಕೊರಳಿಗೆ ಕ್ಯಾಮೆರಾ ನೇತುಹಾಕ್ಕೊಂಡು ಹತ್ತಿಪ್ಪತ್ತು ಜನ ಕೆ.ಆರ್. ಮಾರ್ಕೆಟ್ಟಿನ ಮುಂದೆ ಸೇರ್ತಾರೆ. ಅವರ ಮುಂದೆ ಒಬ್ಬ ಗೈಡು. ಇದಕ್ಕೆ ಹೆರಿಟೇಜ್ ವಾಕ್ ಅಂತ ಹೆಸರು. ಪರಂಪರೆಯ ನಡಿಗೆ. ಹೂವಿನ ಮಾರ್ಕೆಟ್ಟು, ಕೋಟೆ ವೆಂಕಟರಮಣನ ಗುಡಿ, ಟಿಪ್ಪುವಿನ ಅರಮನೆ, ಅವೆನ್ಯೂ ರಸ್ತೆ, ಚಿಕ್ಕಪೇಟೆ, ಬಳೇಪೇಟೆ, ಧರ್ಮರಾಯನ ಗುಡಿ, ಕಾಟನ್‌ಪೇಟೆಯ ದರ್ಗಾ. ಮೂರು ಗಂಟೆಯೊಳಗೆ ಐನೂರು ವರ್ಷ ನೋಡಿ ಮುಗಿಸ್ತಾರೆ. ಕೊನೆಗೆ ಮಸಾಲೆದೋಸೆ, ಕಾಫಿ. ಆಮೇಲೆ ಕಾರು. ತಲೆಗೆ ಇಷ್ಟು ಅಂತ ಕೊಟ್ಟ ದುಡ್ಡಿನಲ್ಲಿ ನಮ್ಮ ಹುಡುಗನೊಬ್ಬ ಮೂರು ತಿಂಗಳು ಸೋಪು, ಎಣ್ಣೆ, ಪೆನ್ನು ನೋಡಿಕೊಳ್ತಾನೆ.

ನೀವು ಕೇಳಬಹುದು: ಅನ್ನದಲ್ಲಿ ಹುಳ ಬರ್ತಿದೆ, ಸ್ಕಾಲರ್‌ಶಿಪ್ ಬಂದಿಲ್ಲ, ಅದರ ಬಗ್ಗೆ ಬರೆಯೋದು ಬಿಟ್ಟು ಬೂಟಿನವರ ನಡಿಗೆ ಬಗ್ಗೆ ಯಾಕೆ ಬರೀತೀಯ? ಬರೀಬೇಕು ಕಣ್ರಯ್ಯ. ಊರಿನ ಕಥೆ ಯಾರು ಹೇಳ್ತಾರೋ ಊರು ಅವರದಾಗುತ್ತೆ. ಹಳ್ಳಿಯಲ್ಲಿ ಶಾನುಭೋಗ ಕಡತ ಬರೆದ, ಹೊಲ ಅವನ ನೆಂಟರದಾಯಿತು. ಪಟ್ಟಣದಲ್ಲಿ ಗೈಡು ಕಥೆ ಬರೀತಿದ್ದಾನೆ. ಆ ಕಡತದಲ್ಲಿ ನಮ್ಮ ಹೆಸರು ಇದೆಯಾ ಇಲ್ಲವಾ ನೋಡಬೇಕಾದ್ದು ಓದು ಕಲಿತ ನಮ್ಮ ಕೆಲಸ.

ಈ ನಡಿಗೆಗಳಲ್ಲಿ ತಪ್ಪದೆ ಹೇಳೋ ಮೊದಲ ಕಥೆ ಕೆಂಪೇಗೌಡರದು. 1537. ದೊಡ್ಡಪೇಟೆ ಚಿಕ್ಕಪೇಟೆ ಸೇರೋ ಜಾಗದಲ್ಲಿ ನಾಲ್ಕು ಜೊತೆ ಬಿಳೀ ಎತ್ತು ಹೂಡಿ ನಾಲ್ಕು ದಿಕ್ಕಿಗೂ ನೇಗಿಲು ಹೊಡೆಸಿದರಂತೆ. ಎತ್ತು ನಿಂತ ಕಡೆ ಹೆಬ್ಬಾಗಿಲು, ಗೆರೆ ಬಿದ್ದ ಕಡೆ ಬೀದಿ. ಆ ದೊಡ್ಡಪೇಟೆಯೇ ಇವತ್ತಿನ ಅವೆನ್ಯೂ ರಸ್ತೆ. ಚೆಂದದ ಕಥೆ. ಕೇಳಿದೋರು ಆಹಾ ಅಂತಾರೆ. ನನ್ನ ಪ್ರಶ್ನೆ ಇಷ್ಟೇ: ಆ ಎಂಟು ಎತ್ತು ಆಮೇಲೆ ಏನಾದವು? ಎತ್ತು ಅಂದಮೇಲೆ ಒಂದಲ್ಲ ಒಂದು ದಿನ ಸತ್ತಿರಬೇಕು. ಸತ್ತಾಗ ಹಗ್ಗ ಕಟ್ಟಿ ಊರಾಚೆಗೆ ಎಳೆದುಕೊಂಡು ಹೋದೋನು ಯಾರು? ಚರ್ಮ ಸುಲಿದು, ತಂಗಡಿ ಚಕ್ಕೆ ಹಾಕಿ ಹದ ಮಾಡಿದೋನು ಯಾರು? ನೊಗಕ್ಕೆ ಕಟ್ಟಿದ ಮಿಣಿ, ಬಾರುಕೋಲಿನ ಬಾರು, ಗೌಡರ ಕಾಲಿನ ಎಕ್ಕಡ ಯಾರ ಕೈಯಲ್ಲಿ ಹೊಲಿದದ್ದು? ಆ ಮನುಷ್ಯ ತನ್ನ ಕೈಯಾರೆ ಮಾಡಿಕೊಟ್ಟ ಮಿಣಿಯಿಂದ ಉತ್ತ ಗೆರೆಯ ಒಳಗೆ ಮನೆ ಕಟ್ಟೋಕೆ ಅವನಿಗೆ ಜಾಗ ಸಿಕ್ಕಿತಾ?

ಈ ಬಯಲುಸೀಮೆಯ ತೋಟ ನೆನೆಸಿಕೊಳ್ಳಿ. ಬಾವಿಯಿಂದ ನೀರೆತ್ತೋ ಕಪಿಲೆ ಗೊತ್ತಲ್ಲ, ಕರೆಂಟ್ ಪಂಪು ಬರೋವರೆಗೂ ನಮ್ಮ ಅಜ್ಜಂದಿರ ಕಾಲದಲ್ಲಿ ಅದೇ ಇದ್ದದ್ದು. ಕಪಿಲೆಯ ಬಾನಿ ಚರ್ಮದ್ದು. ಹೊಲಿದೋನು ಮಾದಿಗ. ಆ ಚರ್ಮದ ಬಾನಿಯಲ್ಲಿ ಬಂದ ನೀರಿಗೆ ಮೈಲಿಗೆ ಇರಲಿಲ್ಲ, ಆ ನೀರು ಕುಡಿದು ಅರಳಿದ ಹೂವಿಗೆ ಮೈಲಿಗೆ ಇರಲಿಲ್ಲ, ಹೂವು ಸೀದಾ ದೇವರ ತಲೆಗೆ. ಹೊಲಿದೋನಿಗೆ ಮಾತ್ರ ಮೈಲಿಗೆ.

ಇನ್ನು ಪೇಟೆಗಳ ಹೆಸರಿಗೆ ಬರೋಣ. ಇದು ಗೈಡುಗಳಿಗೆ ಬಹಳ ಪ್ರೀತಿಯ ಪಾಠ. ಕುಂಬಾರಪೇಟೆಯಲ್ಲಿ ಕುಂಬಾರರಿದ್ದರು, ಗಾಣಿಗರಪೇಟೆಯಲ್ಲಿ ಗಾಣಿಗರು, ಉಪ್ಪಾರಪೇಟೆಯಲ್ಲಿ ಉಪ್ಪಾರರು, ತಿಗಳರಪೇಟೆಯಲ್ಲಿ ತಿಗಳರು, ನಗರ್ತಪೇಟೆಯಲ್ಲಿ ನಗರ್ತರು, ಗೊಲ್ಲರಪೇಟೆಯಲ್ಲಿ ಗೊಲ್ಲರು. ಅಕ್ಕಿಗೊಂದು ಪೇಟೆ, ಅರಳೆಗೊಂದು ಪೇಟೆ, ರಾಗಿಗೊಂದು, ತರಗಿಗೊಂದು, ಬಳೆಗೊಂದು. 'ನೋಡಿ, ಎಷ್ಟು ಅಚ್ಚುಕಟ್ಟಾದ ನಗರಯೋಜನೆ' ಅಂತ ಮುಗಿಸ್ತಾರೆ. ಅಕ್ಕಿ ಕಾಳಿಗೆ ಪೇಟೆ ಇದೆ, ಅರಳೆಗೆ ಪೇಟೆ ಇದೆ. ಹೊಲೆಯರಪೇಟೆ ಎಲ್ಲಿ? ಮಾದಿಗರಪೇಟೆ ಎಲ್ಲಿ? ಎಕ್ಕಡ ಇಲ್ಲದೆ, ಮಿಣಿ ಇಲ್ಲದೆ, ಹೆಣ ಹೊರೋರಿಲ್ಲದೆ, ಕಸ ಗುಡಿಸೋರಿಲ್ಲದೆ ಈ ಅಚ್ಚುಕಟ್ಟು ಪಟ್ಟಣ ಒಂದು ವಾರ ಬದುಕ್ತಿತ್ತಾ?

ನಮ್ಮ ಹೆಸರು ಹುಡುಕಿದರೆ ಸಿಗುತ್ತೆ. ಬಿಬಿಎಂಪಿ ಇದ್ದ ಕಾಲದ 198 ವಾರ್ಡುಗಳ ಪಟ್ಟಿ ತೆಗೆದು ನೋಡಿ. 139ನೇ ವಾರ್ಡು ಕೆ.ಆರ್. ಮಾರ್ಕೆಟ್. ಅದರ ಹಿಂದಿನ ನಂಬರು, 138, ಚಲವಾದಿಪಾಳ್ಯ. ಮಗ್ಗುಲಲ್ಲೇ ಇದೆ ಸ್ವಾಮಿ! ಚಲವಾದಿ ಅಂದರೆ ಯಾರು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಟೆ ಬಟ್ಟಲು ಹಿಡಿದು ಮೆರವಣಿಗೆಯ ಮುಂದೆ ನಡೆದೋನು, ಎಲ್ಲರಿಗೂ ದಾರಿ ಬಿಡಿಸಿದೋನು, ಆಮೇಲೆ ಊಟಕ್ಕೆ ಎಲ್ಲರಿಂದ ದೂರ ಕೂತೋನು. ಅವನ ಹೆಸರಿನ ಜಾಗಕ್ಕೆ ಪೇಟೆ ಅಂತ ಬರಲಿಲ್ಲ, ಪಾಳ್ಯ ಅಂತ ಬಂತು. ಪಾಳ್ಯ ಅಂದರೆ ಬೀಡು, ಗುಡಾರ ಹಾಕೋ ಜಾಗ. ಪಾಳ್ಯಗಳೆಲ್ಲ ನಮ್ಮವೇ ಅಂತ ನಾನು ಹೇಳ್ತಿಲ್ಲ, ಕಲಾಸಿಪಾಳ್ಯವೂ ಇದೆ, ಇನ್ನೂ ಎಷ್ಟೋ ಇವೆ. ಆದರೆ ಪೇಟೆ ಅನ್ನೋ ಬಿರುದು ನಮ್ಮ ಹೆಸರಿಗೆ ಯಾಕೆ ಅಂಟಲಿಲ್ಲ ಅಂತ ಕೇಳೋದು ತಪ್ಪೇ? ನಾನು ನಡೆದ ದಿನ ಗೈಡಿನ ಬಾಯಲ್ಲಿ ಹದಿನಾಲ್ಕು ಪೇಟೆಗಳ ಹೆಸರು ಬಂತು, ಲೆಕ್ಕ ಇಟ್ಟಿದ್ದೇನೆ. ಪಾಳ್ಯದ ಹೆಸರು ಬರಲಿಲ್ಲ.

ಹೌದು, ನಾನೂ ಒಂದು ಭಾನುವಾರ ಆ ಗುಂಪಿನ ಜೊತೆ ನಡೆದೆ. ನನ್ನ ಜೊತೆ ಬಿ.ಎ. ಓದಿದ ಗೆಳೆಯನೊಬ್ಬನಿಗೆ ಬಿಟ್ಟಿ ಟಿಕೆಟ್ ಸಿಕ್ಕಿತ್ತು, ಅವನಿಗೆ ಜ್ವರ, ಹಾಗಾಗಿ ನಾನು. ಯಾರ ಕಂಪನಿ ಅಂತ ಬರೆಯೋಲ್ಲ. ಒಬ್ಬರನ್ನು ಹೆಸರಿಟ್ಟು ಬಯ್ಯೋದರಿಂದ ಉಪಯೋಗ ಇಲ್ಲ. ಗೈಡು ಕೆಟ್ಟ ಹುಡುಗ ಏನಲ್ಲ. ಓದಿಕೊಂಡಿದ್ದ. ಮಾರ್ಕೆಟ್ಟು ಇರೋ ಜಾಗ ಹಿಂದೆ ಸಿದ್ದಿಕಟ್ಟೆ, 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆ ಹಿಡಿದು ಆಮೇಲೆ ಕೋಟೆ ಹಿಡಿಯಿತು, 1921ರಲ್ಲಿ ಈ ಮಾರ್ಕೆಟ್ಟು ಎದ್ದಿತು ಅಂತೆಲ್ಲ ಸರಿಯಾಗಿ ಹೇಳಿದ. 1905ರಲ್ಲಿ ಇಲ್ಲಿ ಬೀದಿದೀಪ ಬೆಳಗಿತು, ಏಷ್ಯಾದಲ್ಲೇ ಮೊದಲು ಅಂತ ಎದೆಯುಬ್ಬಿಸಿ ಹೇಳಿದ. ಏಷ್ಯಾದ ಮಾತು ಹಾಗಿರಲಿ. ಆ ಕರೆಂಟು ಬಂದದ್ದು ಶಿವನಸಮುದ್ರದಿಂದ. ಬೆಂಗಳೂರಿಗೆ ಬರೋ ಮೂರು ವರ್ಷ ಮೊದಲೇ, 1902ರಲ್ಲಿ, ಅದೇ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ಅಲ್ಲಿ ಭೂಮಿಯ ಹೊಟ್ಟೆಗಿಳಿದು ಬಂಡೆ ಒಡೆದೋರು ಯಾರು? ತಮಿಳು ಸೀಮೆಯಿಂದ ಬಂದ ನಮ್ಮ ಪರಯರು, ಆದಿದ್ರಾವಿಡರು. ಅವರ ದುಡಿಮೆಯಿಂದ ಬಿಳಿಯರ ಕಂಪನಿಗೆ ಚಿನ್ನ, ಮೈಸೂರು ಸರ್ಕಾರಕ್ಕೆ ಆದಾಯ. ಮಾರ್ಕೆಟ್ಟಿನ ದೀಪದ ಕಥೆಗೆ ಅವರನ್ನು ಸೇರಿಸಿದರೆ ಎಷ್ಟು ಹೊತ್ತು ಹಿಡಿಯುತ್ತೆ? ಒಂದು ನಿಮಿಷ. ಆ ಒಂದು ನಿಮಿಷ ಸಿಗಲಿಲ್ಲ.

ಹೂವಿನ ಅಟ್ಟಕ್ಕೆ ಹೋದೆವು. ಮೇಲಿನ ಅಂತಸ್ತಿನಿಂದ ಕೆಳಗೆ ನೋಡಿದರೆ ಚೆಂಡುಹೂವು, ಸೇವಂತಿಗೆ, ಕನಕಾಂಬರ, ಗುಡ್ಡೆ ಗುಡ್ಡೆ. ನಾನೂ ಕವಿ ಅಂತ ಅನ್ನಿಸಿಕೊಂಡೋನು, ಸುಳ್ಳು ಹೇಳೋಲ್ಲ, ಕಣ್ಣು ತುಂಬುತ್ತೆ. ಎಲ್ಲರ ಕ್ಯಾಮೆರಾನೂ ಕೆಳಕ್ಕೆ ಬಗ್ಗಿದವು. ಒಬ್ಬ ಹಮಾಲಿ ಬೆನ್ನ ಮೇಲೆ ಮೂಟೆ ಹೊತ್ತು ಬರ್ತಿದ್ದ, ಒಂದು ಹೆಣ್ಣುಮಗಳು ಅವನ ಮುಂದೆ ಹಿಂದಕ್ಕೆ ಹಿಂದಕ್ಕೆ ನಡೀತಾ ಫೋಟೋ ತೆಗೆದಳು. ಅವನಿಗೆ ದಾರಿ ಬೇಕು, ಇವಳಿಗೆ ಬೆಳಕು ಬೇಕು. ಮೂಟೆ ಹೊತ್ತೋನು ನಿಲ್ಲೋಕಾಗುತ್ತಾ? ಅವನು ತಲೆ ಇನ್ನೂ ಬಗ್ಗಿಸಿಕೊಂಡು ಮಗ್ಗುಲಿಗೆ ಸರಿದು ಹೋದ. 'ಎಷ್ಟು ಶ್ರಮಜೀವಿಗಳು' ಅಂತ ಯಾರೋ ಅಂದರು. ಅವನ ಹೆಸರು ಕೇಳಲಿಲ್ಲ, ಮೂಟೆಗೆ ಎಷ್ಟು ಕೂಲಿ ಅಂತ ಕೇಳಲಿಲ್ಲ. ಗುಂಪಿನಲ್ಲಿದ್ದ ಒಬ್ಬ ವಯಸ್ಸಾದ ಪರದೇಶಿ ಮಾತ್ರ ಒಂದು ಪ್ರಶ್ನೆ ಕೇಳಿದ: ಸಂಜೆಗೆ ಉಳಿದ ಹೂವು ಏನಾಗುತ್ತೆ? ಗೈಡು ಹೇಳಿದ, ಗೊಬ್ಬರ ಆಗುತ್ತೆ. ತಾನಾಗೇ ಆಗುತ್ತೆ ಅನ್ನೋ ಹಾಗೆ.

ತಾನಾಗೇ ಆಗೋಲ್ಲ. ಬೆಳಗಿನ ಜಾವ ಊರು ಮಲಗಿರೋವಾಗ ಕೊಳೆತ ಹೂವು, ಎಲೆಕೋಸಿನ ಸಿಪ್ಪೆ, ಬಾಳೆದಿಂಡು, ಉಚ್ಚೆ ಎಲ್ಲ ಕಲೆತ ಆ ಕೆಸರನ್ನು ಪೊರಕೆ ಹಿಡಿದು ಬಳಿಯೋರು ಪೌರಕಾರ್ಮಿಕರು. ಅವರಲ್ಲಿ ಹೆಚ್ಚಿನವರು ನಮ್ಮ ತಾಯಂದಿರು, ದಲಿತ ಹೆಂಗಸರು. ನಡಿಗೆಯವರು ಬರೋ ಹೊತ್ತಿಗೆ ಅವರ ಅರ್ಧ ಕೆಲಸ ಮುಗಿದಿರುತ್ತೆ, ಅದಕ್ಕೇ ಬೂಟು ಬಿಳೀ ಇರುತ್ತೆ. ಇವರದೂ ಒಂದು ಚರಿತ್ರೆ ಇದೆ ಗೆಳೆಯರೇ. 1976ರ ಐ.ಪಿ.ಡಿ. ಸಾಲಪ್ಪ ವರದಿ ಐನೂರು ಜನಸಂಖ್ಯೆಗೆ ಒಬ್ಬ ಕಾರ್ಮಿಕ ಇರಬೇಕು ಅಂದಿತು. ಊರು ಬೆಳೀತು, ಲೆಕ್ಕ ಬೆಳೆಯಲಿಲ್ಲ, ಗುತ್ತಿಗೆದಾರ ಬೆಳೆದ. 2022ರ ಜುಲೈ ಮೊದಲ ವಾರ ಪೊರಕೆ ಕೆಳಗಿಟ್ಟು ಈ ಹೆಂಗಸರು ಫ್ರೀಡಂ ಪಾರ್ಕಿನಲ್ಲಿ ಕೂತರು. ನಾಲ್ಕೇ ದಿನ. ನಾಲ್ಕು ದಿನಕ್ಕೇ ಸರ್ಕಾರದ ಮೂಗಿಗೆ ವಾಸನೆ ಬಡಿದು, ಕಾಯಂ ಮಾಡ್ತೇವೆ ಅಂತ ಒಪ್ಪಿಕೊಂಡಿತು. 2025ರ ಮೇ ದಿನದಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಜನರ ಕೈಗೆ ನೇಮಕಾತಿ ಪತ್ರ ಬಂತು. ಕೆಂಪೇಗೌಡರ ಎತ್ತಿನಷ್ಟೇ ದೊಡ್ಡ ಕಥೆ ಇದು, ನನ್ನ ಕೇಳಿದರೆ ಅದಕ್ಕಿಂತ ದೊಡ್ಡದು, ಯಾಕಂದ್ರೆ ಇದು ನಡೆದದ್ದು.

ಬಳೇಪೇಟೆಯಲ್ಲಿ ವಾದ್ಯದ ಅಂಗಡಿಗಳಿವೆ. ವೀಣೆ, ತಬಲಾ, ಮೃದಂಗ, ಡೋಲು. ಅಲ್ಲಿ ಗೈಡು ಸಂಗೀತದ ಮೇಲೆ ಭಕ್ತಿಯಿಂದ ಮಾತಾಡಿದ, ನಾದಬ್ರಹ್ಮ ಗೀದಬ್ರಹ್ಮ ಅಂತ. ಮೃದಂಗದ ಮೇಲೆ ಕೈಯಿಟ್ಟು ನೋಡಿದರೆ ಅದು ಚರ್ಮ. ಹಸು, ಎಮ್ಮೆ, ಮೇಕೆ ಮೂರರ ಚರ್ಮವೂ ಅದಕ್ಕೆ ಬೇಕು. ಟಿ.ಎಂ. ಕೃಷ್ಣ ಅವರು 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಪುಸ್ತಕ ಬರೆದು ತೋರಿಸಿದ್ದು ಇದನ್ನೇ: ತಂಜಾವೂರಿನ ಕಡೆಯ ದಲಿತ ಕ್ರೈಸ್ತ ಮನೆತನಗಳು ತಲೆಮಾರಿನಿಂದ ಮೃದಂಗ ಕಟ್ಟುತ್ತಾ ಬಂದವು, ಬಾರಿಸಿದೋರಿಗೆ ಬಿರುದು ಬಂತು, ಕಟ್ಟಿದೋರು ಹಿತ್ತಿಲಲ್ಲೇ ನಿಂತರು. ಪುಸ್ತಕದ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಕೊಟ್ಟಿದ್ದ ಜಾಗವನ್ನು ವಾಪಸ್ ತಗೊಂಡಿತು. ಬರೆದೋರು ಬ್ರಾಹ್ಮಣರು, ಅವರಿಗೇ ಹೀಗೆ. ಇನ್ನು ನಮ್ಮ ಕಡೆ ನೋಡಿ, 2020ರ ಗೋಹತ್ಯೆ ನಿಷೇಧ ಕಾನೂನು ತಂದು ಚರ್ಮದ ಕೆಲಸದೋರ ಹೊಟ್ಟೆ ಮೇಲೆ ಹೊಡೆದರು. ನಾದ ಬೇಕು, ಚರ್ಮ ಬೇಡ. ನಮ್ಮ ತಮಟೆಯಂತೂ ಆ ಅಂಗಡಿಯ ಗೋಡೆಯ ಮೇಲೆ ಸರಸ್ವತಿ ಪಟದ ಹತ್ತಿರ ಎಲ್ಲೂ ಕಾಣಲಿಲ್ಲ ನನಗೆ.

ಇನ್ನು ಗುಡಿಗಳು. ಕೋಟೆ ವೆಂಕಟರಮಣನ ಗುಡಿ ಹದಿನೇಳನೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ್ ಕಟ್ಟಿಸಿದ್ದು. ಪಕ್ಕದಲ್ಲೇ ಟಿಪ್ಪುವಿನ ಮರದ ಅರಮನೆ. ಒಂದು ಕಾಂಪೌಂಡಿನ ಆಚೆ ಈಚೆ ಗುಡಿ ಅರಮನೆ ನಿಂತಿರೋದನ್ನು ನೋಡಿಸಿ ಗೈಡು ಸೌಹಾರ್ದದ ಮಾತು ಆಡಿದ. ಒಪ್ಪೋಣ. ಆಮೇಲೆ ಗುಂಪನ್ನು ಒಳಗೆ ಕರಕೊಂಡು ಹೋಗ್ತಾ ಅಂದ, 'ನಮ್ಮ ದೇವಸ್ಥಾನಗಳು ಎಲ್ಲರಿಗೂ ಮುಕ್ತ'. ಯಾವಾಗಿನಿಂದ? ಅದನ್ನು ಹೇಳಬೇಕು. ಮೈಸೂರು ಸಂಸ್ಥಾನದಲ್ಲಿ ದೇವಾಲಯ ಪ್ರವೇಶದ ಕಾನೂನು ಬಂದದ್ದು 1948ರಲ್ಲಿ. ಅಂದರೆ ಆ ಗುಡಿಯ ಇನ್ನೂರೈವತ್ತು ವರ್ಷದ ಆಯುಸ್ಸಿನ ಹೊತ್ತಿಗೂ ನಮ್ಮ ಅಜ್ಜನ ಪಾಲಿಗೆ ಕಾನೂನು ತನ್ನ ಬಾಯಿ ತೆರೆದಿರಲಿಲ್ಲ. ಅದಕ್ಕೂ ಮುಂಚೆ ವೈಕಂನಲ್ಲಿ 1924ರಿಂದ, ನಾಸಿಕದ ಕಾಳಾರಾಮ ಗುಡಿಯ ಮುಂದೆ 1930ರಿಂದ ನಮ್ಮ ಜನ ಬಿಸಿಲಲ್ಲಿ ಕೂತು, ಏಟು ತಿಂದು ಕೇಳಿದ್ದಕ್ಕೆ ದಾರಿ ಆಯಿತೇ ಹೊರತು ಯಾವ ದೇವರೂ ಎದ್ದು ಬಂದು ಬಾಗಿಲು ತೆಗೆಯಲಿಲ್ಲ.

ಅದೂ ಹಳೇ ಕಥೆ ಅನ್ನೋರಿಗೆ ಎರಡು ಹೊಸ ಕಥೆ. 2021ರ ಸೆಪ್ಟೆಂಬರ್, ಕೊಪ್ಪಳ ಜಿಲ್ಲೆಯ ಮಿಯಾಪುರ. ಹುಟ್ಟುಹಬ್ಬದ ದಿನ ಎರಡು ವರ್ಷದ ದಲಿತ ಕೂಸು ಮಳೆ ಬಂತು ಅಂತ ಗುಡಿಯೊಳಗೆ ಓಡಿತು. ಶುದ್ಧಿ ಮಾಡಿಸಬೇಕು, ಇಪ್ಪತ್ತೈದು ಸಾವಿರ ದಂಡ ಕಟ್ಟು ಅಂದರು ಅಪ್ಪನಿಗೆ. 2022ರ ಸೆಪ್ಟೆಂಬರ್, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ. ದೇವರ ಕೋಲು ಮುಟ್ಟಿದ ಅಂತ ಶಾಲೆಗೆ ಹೋಗೋ ಹುಡುಗನ ಮನೆಗೆ ಅರವತ್ತು ಸಾವಿರ ದಂಡ. ಆ ತಾಯಿ ದೇವರ ಪಟ ತೆಗೆದು ಬಾಬಾಸಾಹೇಬರ ಪಟ ಇಟ್ಟುಕೊಂಡಳು ಅಂತ ಪೇಪರಿನವರು ಬರೆದರು. ಮಾಲೂರು ಎಲ್ಲಿದೆ? ಮೆಜೆಸ್ಟಿಕ್‌ನಿಂದ ಬಸ್ಸಿಗೆ ಎರಡು ಗಂಟೆ ದಾರಿ. ಪರಂಪರೆಯ ನಡಿಗೆಯನ್ನು ಅಲ್ಲಿಗೂ ಒಯ್ಯಿರಿ ಸ್ವಾಮಿ. ಅಲ್ಲಿ ಪರಂಪರೆ ಇನ್ನೂ ಬಿಸಿಬಿಸಿಯಾಗಿದೆ.

ಧರ್ಮರಾಯನ ಗುಡಿ, ಕರಗ, ತವಕ್ಕಲ್ ಮಸ್ತಾನ್ ದರ್ಗಾ ವಿಷಯದಲ್ಲಿ ನನಗೆ ತಕರಾರಿಲ್ಲ. ಚೈತ್ರದ ಹುಣ್ಣಿಮೆ ರಾತ್ರಿ ತೋಟದ ದುಡಿಮೆಯ ತಿಗಳರು ಹೊತ್ತ ಕರಗ ದರ್ಗಾದ ಬಾಗಿಲಿಗೆ ಹೋಗಿ ನಿಲ್ಲುತ್ತೆ. ಗಂಡಸು ಹೆಣ್ಣಿನ ಉಡುಗೆ ಉಟ್ಟು ಹೊರುತ್ತಾನೆ. ಪುರೋಹಿತನ ಪುಸ್ತಕದಿಂದ ಬಂದದ್ದಲ್ಲ ಇದು, ದುಡಿಯೋ ಜನ ಕಟ್ಟಿಕೊಂಡದ್ದು. ಇದನ್ನು ನೋಡೋಕೆ ಊರು ಬರಲಿ.

ಆದರೆ ಬೆಂಗಳೂರಿನ ನಿಜವಾದ ಪರಂಪರೆ ನೋಡಬೇಕು ಅಂದರೆ ಪೇಟೆ ದಾಟಿ ಬಡಾವಣೆಗೆ ಹೋಗಬೇಕು. 1898ರಲ್ಲಿ ಪ್ಲೇಗು ಬಂತು, ಪೇಟೆಯಲ್ಲಿ ಜನ ಸತ್ತರು, ಗಾಳಿ ಬೆಳಕು ಇರೋ ಹೊಸ ಬಡಾವಣೆ ಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಎದ್ದವು. ಅಲ್ಲಿಯ ಹಳೇ ಮನೆ ಸಾಲುಗಳ ಹಿಂದೆ ಒಂದು ಸಣ್ಣ ಗಲ್ಲಿ ಇರುತ್ತೆ, ಗಮನಿಸಿದ್ದೀರಾ? ಎರಡು ಸಾಲು ಮನೆಗಳ ಬೆನ್ನು ಬೆನ್ನಿನ ನಡುವೆ. ಮನೆಯ ಮುಂಬಾಗಿಲು ಆ ಕಡೆಗಿಲ್ಲ. ಅದರ ಹೆಸರು ಕನ್ಸರ್ವೆನ್ಸಿ ಗಲ್ಲಿ. ಅದು ಯಾಕೆ ಇದೆ ಗೊತ್ತಾ? ಮುಂದಿನ ರಸ್ತೆಯಲ್ಲಿ ಮನೆಯೋರು, ನೆಂಟರು, ಜಟಕಾ. ಹಿಂದಿನ ಗಲ್ಲಿಯಲ್ಲಿ ಕಕ್ಕಸಿನ ಡಬ್ಬಿ ಎತ್ತೋಕೆ ಬರೋ ನಮ್ಮೋರು. ಮುಖ ಕಾಣಬಾರದು, ಎದುರಾಗಬಾರದು, ಅದಕ್ಕೇ ಒಂದು ಬೇರೆ ರಸ್ತೆಯನ್ನೇ ಪ್ಲ್ಯಾನು ಹಾಕಿ ಕಟ್ಟಿದರು! ಹಳ್ಳಿಯಲ್ಲಿ ಜಾತಿಯನ್ನು ಬಾಯಲ್ಲಿ ಇಟ್ಟುಕೊಂಡಿದ್ದರು. ಇಲ್ಲಿ ಇಂಜಿನಿಯರು ಸ್ಕೇಲು ಹಿಡಿದು ಜಾತಿಯ ಗೆರೆ ಎಳೆದ. ಅಳತೆ ಸಮೇತ ಉಳಿದಿರೋ ಶಾಸನ ಅದು. ಬೇಲೂರು ಹಳೇಬೀಡಿನ ಶಾಸನ ಓದೋಕೆ ಪಂಡಿತರು ಬೇಕು, ಇದನ್ನು ಓದೋಕೆ ನಮ್ಮ ಹಾಸ್ಟೆಲಿನ ಹುಡುಗ ಸಾಕು.

ಈಚೆಗೆ ಮಲ್ಲೇಶ್ವರದಲ್ಲಿ ಅಂಥ ಗಲ್ಲಿಗೆ ಬಣ್ಣ ಬಳಿದು, ಗೋಡೆಗೆ ಚಿತ್ರ ಬರೆಸಿ, ಅದನ್ನೂ ನಡೆಯೋ ಜಾಗ ಮಾಡಿದ್ದಾರೆ. ಕಸ ತುಂಬಿ ನಾರೋದಕ್ಕಿಂತ ಒಳ್ಳೇದೇ. ಚಿತ್ರಗಳೂ ಕೆಟ್ಟದಾಗಿಲ್ಲ. ಆದರೆ ಗಲ್ಲಿಯ ಬಾಯಲ್ಲಿ ಒಂದು ಹಲಗೆ ಬೇಡವಾ? ಈ ದಾರಿಯಲ್ಲಿ ಯಾರು ನಡೆದರು, ತಲೆಯ ಮೇಲೆ ಏನು ಹೊತ್ತು ನಡೆದರು, ಯಾವ ಮಂತ್ರಿ ಅದನ್ನು ನಿಲ್ಲಿಸಿದ? ನಿಲ್ಲಿಸಿದೋರು ಬಿ. ಬಸವಲಿಂಗಪ್ಪನವರು. ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರೋದನ್ನು ನಿಷೇಧ ಮಾಡಿದರು. ಇದೇ ಬಸವಲಿಂಗಪ್ಪನವರು 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದಕ್ಕೆ ಊರೂರಲ್ಲಿ ಗಲಾಟೆ ಎದ್ದಿತು, ಹಾಸ್ಟೆಲ್ ಹುಡುಗರು ಏಟು ತಿಂದರು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಬೂಸಾ ಅಂದದ್ದು ಎಲ್ಲರಿಗೂ ನೆನಪಿದೆ. ಮಲದ ಡಬ್ಬಿ ಇಳಿಸಿದ್ದು ಎಷ್ಟು ಜನಕ್ಕೆ ನೆನಪಿದೆ?

ಡಬ್ಬಿ ತಲೆಯಿಂದ ಇಳೀತು, ಮನುಷ್ಯ ಮ್ಯಾನ್‌ಹೋಲಿಗೆ ಇಳಿದ. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. ನಡುವೆ, 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಜನ ಮೈಮೇಲೆ ಮಲ ಸುರಿದುಕೊಂಡು ನಿಂತರು, ಆಗ ರಾಜ್ಯಕ್ಕೆ ನಾಚಿಕೆ ಆಯಿತು, ಸ್ವಲ್ಪ ದಿನ. 2014ರಲ್ಲಿ ಸುಪ್ರೀಂ ಕೋರ್ಟು ಮ್ಯಾನ್‌ಹೋಲಿನಲ್ಲಿ ಸತ್ತೋರ ಮನೆಗೆ ಹತ್ತು ಲಕ್ಷ ಕೊಡಿ ಅಂದಿತು, 2023ರಲ್ಲಿ ಮೂವತ್ತು ಲಕ್ಷ ಅಂದಿತು. ಪರಿಹಾರದ ಮೊತ್ತ ಏರ್ತಾ ಹೋಗೋದು ಯಾವಾಗ? ಸಾವು ನಿಲ್ಲದೆ ಇದ್ದಾಗ. ನಡಿಗೆಯವರು ಕಲ್ಲಿನ ಕಂಬ ನೋಡೋಕೆ ತಲೆ ಎತ್ತುತ್ತಾರೆ. ಅದೇ ಬೀದಿಯಲ್ಲಿ ಅವರ ಬೂಟಿನ ಕೆಳಗೆ ಕಬ್ಬಿಣದ ಮುಚ್ಚಳ ಇದೆ.

ಈ ಮಾತನ್ನೆಲ್ಲ ನಾನು ಕಾಫಿ ಕುಡಿಯೋವಾಗ ಸ್ವಲ್ಪ ಸ್ವಲ್ಪ ಎತ್ತಿದೆ. ಒಬ್ಬರು ನಕ್ಕು ಅಂದರು, 'ಎಲ್ಲದರಲ್ಲೂ ಜಾತಿ ಹುಡುಕಬೇಡಿ ಬ್ರದರ್, ಇದು ಕಲ್ಚರ್.' ನಾನು ಹುಡುಕಲಿಲ್ಲ ಬ್ರದರ್. ಬೀದಿಯ ಮೂಲೆ ಮೂಲೆಯಲ್ಲಿ ಜಾತಿಯ ಹೆಸರು ಹಲಗೆಯಲ್ಲಿ ಬರೆದು ನೇತುಹಾಕಿದ್ದೀರಿ. ಓದಿ ತೋರಿಸಿದೋರು ನೀವು. ನಾನು ಕೇಳಿದ್ದು ಬರೆಯದೆ ಬಿಟ್ಟಿರೋ ಹೆಸರು. ಇನ್ನೊಬ್ಬರು ಕೇಳಿದರು, ಹಾಗಾದರೆ ಈ ನಡಿಗೆಗಳನ್ನೇ ನಿಲ್ಲಿಸಬೇಕಾ? ಯಾಕೆ ನಿಲ್ಲಿಸಬೇಕು? ನಡೀರಿ. ಇನ್ನೂ ಅರ್ಧ ಗಂಟೆ ಹೆಚ್ಚು ನಡೀರಿ. ದುಡ್ಡು ತಗೊಂಡಿದ್ದೀರಿ, ಪೂರ್ತಿ ಊರು ತೋರಿಸಿ.

ನಮ್ಮವರಿಗೂ ಒಂದು ಮಾತು. ನಮ್ಮಲ್ಲೂ ಕೆಲವರು ಇಂಥ ಜಾಗದಲ್ಲಿ ನಮ್ಮ ಕೇರಿಯ ಮಾತು ಬಂದರೆ ಮುದುಡಿಕೊಳ್ತಾರೆ. ಪೊರಕೆ ಹಿಡಿದ ಅತ್ತೆ ಎದುರಾದರೆ ಕಾಲೇಜು ಗೆಳೆಯರ ಮುಂದೆ ಮುಖ ಆಚೆ ತಿರುಗಿಸ್ತಾರೆ. ನಾಚಬೇಕಾದೋರು ಗಲ್ಲಿಯಲ್ಲಿ ನಡೆದೋರಾ, ಗಲ್ಲಿ ಕಟ್ಟಿಸಿದೋರಾ?

ಅವೆನ್ಯೂ ರಸ್ತೆ ನಿಮಗೇನು ಹೊಸದಲ್ಲ. ಡಿಗ್ರಿಯ ಪುಸ್ತಕ ಅರ್ಧ ಬೆಲೆಗೆ ತಗೊಂಡು, ಪರೀಕ್ಷೆ ಮುಗಿದ ಮೇಲೆ ಕಾಲು ಬೆಲೆಗೆ ಮಾರಿ ಬಂದಿರೋ ಫುಟ್‌ಪಾತು. ನಾನು ಇಂಗ್ಲಿಷು ಕಲಿತದ್ದು ಅಲ್ಲಿಯ ಹರಿದ ಪುಸ್ತಕಗಳಿಂದ, ಹಿಂದಿನ ಯಜಮಾನ ಮಾರ್ಜಿನಿನಲ್ಲಿ ಬರೆದಿಟ್ಟ ಅರ್ಥಗಳ ಸಹಾಯದಿಂದ. ಆ ರಸ್ತೆ ನಮ್ಮದೂ ಹೌದು. ಹಾಗಾಗಿ ನಾವೇ ಒಂದು ನಡಿಗೆ ಮಾಡೋಣ. ಟಿಕೆಟ್ ಬೇಡ. ಯಾವ ಹಾಸ್ಟೆಲಿನೋರಾದರೂ ಸರಿ, ನಾಲ್ಕೈದು ಜನ ಸೇರಿ. ಬೆಳಿಗ್ಗೆ ಎಂಟಕ್ಕಲ್ಲ, ನಾಲ್ಕೂವರೆಗೆ ಹೋಗಿ. ಆಗ ಮಾರ್ಕೆಟ್ಟಿನ ಯಜಮಾನರು ಯಾರು ಅಂತ ಕಾಣುತ್ತೆ. ಚಲವಾದಿಪಾಳ್ಯದಿಂದ ಶುರು ಮಾಡಿ, ಮಾರ್ಕೆಟ್ಟು, ಬಳೇಪೇಟೆ, ಆಮೇಲೆ ಬಸ್ಸು ಹತ್ತಿ ಮಲ್ಲೇಶ್ವರದ ಹಿಂದಿನ ಗಲ್ಲಿ.

ಕ್ಯಾಮೆರಾ ಬೇಡ, ಮೊಬೈಲು ಜೇಬಿನಲ್ಲಿರಲಿ. ಕೇಳದೆ ಯಾರ ಫೋಟೋನೂ ತೆಗೀಬೇಡಿ. ಕೆಲಸ ಮಾಡ್ತಿರೋರನ್ನು ತಡೀಬೇಡಿ, ಟೀ ಕುಡಿಯೋ ಹೊತ್ತು ನೋಡಿಕೊಂಡು ಮಾತಾಡಿಸಿ, ಟೀ ದುಡ್ಡು ನೀವು ಕೊಡಿ. ಕೇಳಬೇಕಾದ್ದು ಬಹಳ ಇದೆ: ಯಾವ ಊರಿನಿಂದ ಬಂದರು, ಅಪ್ಪ ಅಮ್ಮ ಏನು ಮಾಡ್ತಿದ್ದರು, ಮೂಟೆಗೆ ಕೂಲಿ ಎಷ್ಟು, ಕೈಗವಸು ಬೂಟು ಕೊಟ್ಟಿದ್ದಾರಾ, ಹೆಂಗಸರಿಗೆ ಹತ್ತಿರದಲ್ಲಿ ಕಕ್ಕಸು ಇದೆಯಾ, ಕುಡಿಯೋ ನೀರು ಎಲ್ಲಿಂದ, ಬೀದಿ ವ್ಯಾಪಾರದೋರಾದರೆ 2014ರ ಕಾನೂನಿನ ಗುರುತಿನ ಚೀಟಿ ಸಿಕ್ಕಿದೆಯಾ, ಪೊಲೀಸಿನೋರು ಎತ್ತಂಗಡಿ ಮಾಡಿದ್ದು ಯಾವಾಗ. ವಯಸ್ಸಾದೋರು ಸಿಕ್ಕರೆ ಗಲ್ಲಿಯ ಕಾಲದ ನೆನಪು ಕೇಳಿ, ಹೇಳೋಕೆ ಇಷ್ಟ ಇಲ್ಲ ಅಂದರೆ ಬಿಟ್ಟುಬಿಡಿ.

ಬರೆದದ್ದನ್ನು ಈ ಪತ್ರಿಕೆ ಮಾರೋ ಗೆಳೆಯರ ಕೈಗೆ ಕೊಡಿ. ಹಾಳೆಯ ಒಂದೇ ಮಗ್ಗುಲಲ್ಲಿ, ದುಂಡಗೆ ಬರೀರಿ. ಹೇಳಿದೋರ ಮಾತನ್ನು ಅವರ ಮಾತಲ್ಲೇ ಇಡಿ, ಗ್ರಾಂಥಿಕ ಮಾಡೋಕೆ ಹೋಗಬೇಡಿ.